ನಿಮಗಿದು ಗೊತ್ತೆ? ಆಮ್ಲದ ನೀರಲ್ಲಿ ಒಡೆಯದ ಮೀನಿನ ಮೊಟ್ಟೆ

ನೀರು ಆಮ್ಲೀಯವಾಗುತ್ತ ಹೋದರೆ ದೊಡ್ಡ ಮೀನುಗಳು ಕೂಡಲೇ ಸಾಯುವುದಿಲ್ಲ; ಮೊದಲು ಪೆಟ್ಟು ಬೀಳುವುದು ಮರಿಗಳ ಹುಟ್ಟಿಗೆ. ಬೆಳೆದ ಭ್ರೂಣ ಒಂದು ಕಿಣ್ವವನ್ನು ಸ್ರವಿಸಿ, ಮೊಟ್ಟೆಯ ಕವಚವನ್ನು ಮೆದುವಾಗಿಸಿಕೊಂಡು ಹೊರಬರುತ್ತದೆ. ಆಮ್ಲ ಹೆಚ್ಚಿದಾಗ ಈ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಮರಿ ಒಳಗೇ ಸುರುಳಿ ಸುತ್ತಿಕೊಂಡು, ಇಲ್ಲವೇ ಅರ್ಧ ಹೊರಬಂದು ಸಾಯುತ್ತದೆ.

ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಅವರ ತಂಡ 1976ರಿಂದ ‘ಸರೋವರ 223’ಕ್ಕೆ ಸಲ್ಫ್ಯೂರಿಕ್ ಆಮ್ಲ ಬೆರೆಸುತ್ತ ಹೋಯಿತು. ಪಿಎಚ್ ಮಟ್ಟ 6.8ರಿಂದ 5ರ ಆಸುಪಾಸಿಗೆ ಇಳಿಯುವಷ್ಟರಲ್ಲಿ ಅಲ್ಲಿನ ಮೀನುಗಳ ಸಂತಾನವೃದ್ಧಿಯೇ ನಿಂತಿತು. ದೊಡ್ಡ ಮೀನುಗಳು ಈಜಾಡುತ್ತಿದ್ದ ಮಾತ್ರಕ್ಕೆ ನೀರು ಚೆನ್ನಾಗಿದೆ ಎನ್ನಲಾಗದು. ಮರಿಗಳೂ ಇವೆಯೇ ಎಂದು ನೋಡಬೇಕು.