ಯಂತ್ರದ ಗುಟ್ಟು ರಟ್ಟು, ಬೆಲೆಯದ್ದು ಒಗಟು

2003ರ ಜೂನ್. ಆ್ಯಪಲ್ ಕಂಪನಿಯ ಡೆವಲಪರ್ ಸಮ್ಮೇಳನಕ್ಕೆ ಇನ್ನು ಮೂರ್ನಾಲ್ಕು ದಿನ ಬಾಕಿ. ಹೊಸ ಪವರ್ ಮ್ಯಾಕ್ ಜಿ5 ಕಂಪ್ಯೂಟರನ್ನು ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ತೋರಿಸುವವರೆಗೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಆದರೆ ಕಂಪನಿಯ ಸ್ವಂತ ಆನ್‌ಲೈನ್ ಅಂಗಡಿಯಲ್ಲಿ, ಹಳೆಯ ಜಿ4 ಮಾದರಿಯ ವಿವರ ಇರಬೇಕಾದ ಜಾಗದಲ್ಲಿ, ಹೊಸದರ ವಿವರ ಕಾಣಿಸಿಕೊಂಡುಬಿಟ್ಟಿತು: 1.6, 1.8 ಮತ್ತು ಜೋಡಿ 2 ಗಿಗಾಹರ್ಟ್ಸ್ ಪ್ರೊಸೆಸರ್, 8 ಜಿಬಿವರೆಗೆ ಮೆಮೊರಿ. ಅದನ್ನು ಬೇಗನೆ ಅಳಿಸಿದರೂ ನೋಡಬೇಕಾದವರು ನೋಡಿಯಾಗಿತ್ತು. ವೇದಿಕೆಯ ಮೇಲೆ ಜಾಬ್ಸ್ ಹೇಳಿದ್ದೂ ಅವೇ ಅಂಕಿಗಳನ್ನು.

ವೃತ್ತಿಪರರ ಡೆಸ್ಕ್‌ಟಾಪ್ ಎಂದರೆ ಮನೆಯಲ್ಲಿ ಮಕ್ಕಳು ಹೋಂವರ್ಕ್ ಮಾಡುವ ಕಂಪ್ಯೂಟರ್ ಅಲ್ಲ. ಸಿನಿಮಾ ಸಂಕಲನ, ವಿಎಫ್‌ಎಕ್ಸ್, ಕಟ್ಟಡ ವಿನ್ಯಾಸ, ಚಿಪ್ ವಿನ್ಯಾಸ, ಈಚೆಗೆ ಎಐ ಮಾದರಿಗಳನ್ನು ಓಡಿಸುವುದು, ಇಂಥ ಕೆಲಸಕ್ಕೆ ಲಕ್ಷಗಟ್ಟಲೆ ಸುರಿದು ಕೊಳ್ಳುವ ವರ್ಕ್‌ಸ್ಟೇಷನ್ ಅದು. ಇವತ್ತು ಕೊಂಡು ಮುಂದಿನ ತಿಂಗಳು ಅದರ ಎರಡು ಪಟ್ಟು ವೇಗದ್ದು ಬಂದರೆ ಸ್ಟುಡಿಯೊ ಮಾಲೀಕ ಕೈಕೈ ಹಿಸುಕಿಕೊಳ್ಳಬೇಕು. ಕಾಯುತ್ತ ಕೂತರೆ ಒಪ್ಪಿಕೊಂಡ ಕೆಲಸ ನಿಲ್ಲುತ್ತದೆ. ಹಾಗಾಗಿ ಇವರ ನಡುವೆ ಊಹಾಪೋಹ ಬರೀ ಹರಟೆಯಲ್ಲ, ಬಜೆಟ್ಟಿನ ಭಾಗ. ಎರಡು ದಶಕಗಳ ಈ ಊಹೆಗಳನ್ನು ತಿರುವಿ ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಒಳಗೆ ಏನಿರುತ್ತದೆ ಎಂಬುದು ಬಹಳಷ್ಟು ಸಲ ಮೊದಲೇ ತಿಳಿದಿರುತ್ತದೆ. ಎಷ್ಟಕ್ಕೆ ಎಂಬುದರಲ್ಲಿ ಮಾತ್ರ ಪಂಡಿತರೂ ಎಡವುತ್ತಾರೆ.

ಕಂಪನಿಗಳೇ ಮೊದಲು ಹೇಳಿಬಿಡಬಾರದೇಕೆ? ಅದಕ್ಕೆ ಉತ್ತರವಾಗಿ ಆ ಉದ್ಯಮದವರು ಆಡಂ ಆಸ್ಬೋರ್ನ್ ಕಥೆ ಹೇಳುತ್ತಾರೆ. ಅವರ ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಭಕ್ತರು. ಆಡಂ ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ, 2003ರಲ್ಲಿ ಕಣ್ಣು ಮುಚ್ಚಿದ್ದು ಕೊಡೈಕೆನಾಲ್‌ನಲ್ಲಿ. ನಡುವೆ ಅಮೆರಿಕದಲ್ಲಿ, 1981ರಲ್ಲಿ, 1,795 ಡಾಲರ್‌ಗೆ ಹೊತ್ತೊಯ್ಯಬಹುದಾದ ಕಂಪ್ಯೂಟರ್ ಮಾರಿ ಹೆಸರು ಮಾಡಿದರು. ಮುಂದಿನ ಮಾದರಿಯ ಸುದ್ದಿಯನ್ನು ಅವಸರದಲ್ಲಿ ಹೊರಬಿಟ್ಟರು, ಗಿರಾಕಿಗಳು ಹಳೆಯದನ್ನು ಕೊಳ್ಳುವುದನ್ನೇ ನಿಲ್ಲಿಸಿದರು, 1983ರಲ್ಲಿ ಕಂಪನಿ ದಿವಾಳಿಯೆದ್ದಿತು ಎಂಬುದು ಪ್ರಚಲಿತ ವೃತ್ತಾಂತ. ಸ್ಪರ್ಧೆ ಮತ್ತು ಕೆಟ್ಟ ಆಡಳಿತವೂ ಅಷ್ಟೇ ಕಾರಣ ಎನ್ನುವವರಿದ್ದಾರೆ, ಅವರ ಮಾತೇ ಹೆಚ್ಚು ಸರಿ ಎನಿಸುತ್ತದೆ. ಆದರೂ ಉದ್ಯಮಕ್ಕೆ ಕಲಿಯಲು ಬೇಕಾಗಿದ್ದ ಪಾಠ ಮೊದಲನೆಯದೇ ಆಗಿತ್ತು.

ಬಾಯಿ ಮುಚ್ಚಿದರೂ ಯಂತ್ರ ಸುಮ್ಮನಿರುವುದಿಲ್ಲ. ಅದು ಚಿಪ್ ಕಾರ್ಖಾನೆ, ಬೋರ್ಡ್ ಜೋಡಿಸುವ ಘಟಕ, ಪರೀಕ್ಷಾ ಪ್ರಯೋಗಾಲಯಗಳನ್ನು ದಾಟಿ ಬರಬೇಕು. ಆಪರೇಟಿಂಗ್ ಸಿಸ್ಟಮ್ಮಿನ ಪರೀಕ್ಷಾ ಆವೃತ್ತಿಯಲ್ಲಿ ಅದರ ಹೆಸರು ನುಸುಳುತ್ತದೆ. ಯಾರೋ ಎಂಜಿನಿಯರ್ ವೇಗ ಅಳೆದ ಅಂಕ ಗೀಕ್‌ಬೆಂಚ್‌ನಂಥ ಸಾರ್ವಜನಿಕ ಪಟ್ಟಿ ಸೇರುತ್ತದೆ. ಈ ದಾರಿಗಳಲ್ಲಿ ಒಂದು ನಮ್ಮ ಕಸ್ಟಮ್ಸ್ ಕಚೇರಿಗಳ ಮೂಲಕವೇ ಹಾದುಹೋಗಿತ್ತು. ಎಎಂಡಿ, ಎನ್ವಿಡಿಯಾ ಕಂಪನಿಗಳ ದೊಡ್ಡ ವಿನ್ಯಾಸ ಕೇಂದ್ರಗಳು ಬೆಂಗಳೂರು, ಹೈದರಾಬಾದ್‌ಗಳಲ್ಲಿವೆ. ಪರೀಕ್ಷೆಗೆಂದು ಇಲ್ಲಿಗೆ ಬರುತ್ತಿದ್ದ ಬೋರ್ಡುಗಳ ಆಮದು ದಾಖಲೆಗಳನ್ನು ಜೌಬಾ ಎಂಬ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದಿತ್ತು. ಕಳೆದ ದಶಕದ ನಡುಭಾಗದಲ್ಲಿ ಜಗತ್ತಿನ ಗ್ರಾಫಿಕ್ಸ್ ಕಾರ್ಡ್ ಕುತೂಹಲಿಗಳು ಆ ಪಟ್ಟಿಯನ್ನು ಪಂಚಾಂಗದಂತೆ ನೋಡುತ್ತಿದ್ದರು. ಎಎಂಡಿಯ ‘ಫಿಜಿ’ ಸಂಕೇತನಾಮದ ಚಿಪ್ಪಿನ ಸುಳಿವು ಹೀಗೇ ಸಿಕ್ಕಿತ್ತು.

ಅಲ್ಲೇ ಒಂದು ಮೋಜೂ ಇತ್ತು. ಪ್ರತಿ ದಾಖಲೆಯ ಮುಂದೆ ರೂಪಾಯಿಗಳಲ್ಲಿ ಒಂದು ಮೊತ್ತ ಇರುತ್ತಿತ್ತು. ಅದು ಸುಂಕಕ್ಕಾಗಿ ಘೋಷಿಸಿದ ಮೌಲ್ಯವಷ್ಟೇ, ಅಂಗಡಿಯ ಬೆಲೆಯಲ್ಲ. ಆದರೆ ಅದನ್ನು ಡಾಲರ್‌ಗೆ ಪರಿವರ್ತಿಸಿ ‘ಹೊಸ ಕಾರ್ಡಿನ ಬೆಲೆ ಇಷ್ಟು’ ಎಂದು ಘೋಷಿಸುವವರಿಗೆ ಬರವಿರಲಿಲ್ಲ. 2022ರ ಹಣಕಾಸು ಕಾಯ್ದೆ ಕಸ್ಟಮ್ಸ್ ಕಾನೂನಿಗೆ 135ಎಎ ಎಂಬ ಕಲಂ ಸೇರಿಸಿತು. ಆಮದುದಾರರ ಗುರುತು ಸಹಿತ ಇಂಥ ವಿವರ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಬೆಲೆಯ ಹಾದಿಯೇ ಬೇರೆ. ಅದು ಕಾರ್ಖಾನೆಗೆ ಹೋಗುವುದಿಲ್ಲ, ಹಡಗು ಹತ್ತುವುದಿಲ್ಲ. ಬೆರಳೆಣಿಕೆಯ ಮಂದಿಯ ತಲೆಯಲ್ಲಿ ಕೊನೆ ಗಳಿಗೆಯವರೆಗೆ ಕುಳಿತಿರುತ್ತದೆ. ಊಹೆ ತಪ್ಪುವುದರಿಂದ ಮಾರುವವರಿಗೆ ಲಾಭವೂ ಉಂಟು. 2010ರಲ್ಲಿ ಐಪ್ಯಾಡ್ ಬಿಡುಗಡೆಯ ದಿನ ಜಾಬ್ಸ್ ಪಂಡಿತರ ಅಂದಾಜಾದ 999 ಡಾಲರನ್ನು ಪರದೆಯ ಮೇಲೆ ಮೂಡಿಸಿ, ಆಮೇಲೆ 499 ಎಂದು ಬದಲಿಸಿದರು. ಜನರ ಕಣ್ಣಿಗೆ ಅದು ಅರ್ಧ ಬೆಲೆಯ ಮಾಲಾಯಿತು.

ಆ್ಯಪಲ್‌ನ ವೃತ್ತಿಪರ ಡೆಸ್ಕ್‌ಟಾಪ್ ಮ್ಯಾಕ್ ಪ್ರೊ ವಿಷಯದಲ್ಲಿ ಆದದ್ದು ಇದರ ತದ್ವಿರುದ್ಧ. 2006ರಲ್ಲಿ 2,499 ಡಾಲರ್‌ಗೆ ಬಂದ ಈ ಯಂತ್ರ 2013ರಲ್ಲಿ ಕಪ್ಪು ಸಿಲಿಂಡರಿನ ಆಕಾರ ತಳೆದು 2,999 ಡಾಲರ್ ಆಯಿತು. ನೋಡಲು ಚೆಲುವಾಗಿದ್ದರೂ ಜನ ಅದಕ್ಕಿಟ್ಟ ಹೆಸರು ಕಸದಬುಟ್ಟಿ. ಮಧ್ಯದ ತ್ರಿಕೋನ ಲೋಹಕ್ಕೆ ಒಂದು ಪ್ರೊಸೆಸರ್, ಎರಡು ಗ್ರಾಫಿಕ್ಸ್ ಚಿಪ್ ಅಂಟಿಸಿ, ಮೂರೂ ಹೆಚ್ಚುಕಡಿಮೆ ಸಮನಾಗಿ ಬಿಸಿಯಾಗುತ್ತವೆಂದು ನಂಬಿ ಮಾಡಿದ ವಿನ್ಯಾಸ ಅದು. ಅಷ್ಟರಲ್ಲಿ ಲೋಕ ಒಂದೇ ದೈತ್ಯ ಗ್ರಾಫಿಕ್ಸ್ ಚಿಪ್ಪಿನ ಕಡೆ ವಾಲಿತು. ಅಷ್ಟೊಂದು ಬಿಸಿ ಹೊರಹಾಕಲು ಆ ಸಿಲಿಂಡರಿನಲ್ಲಿ ದಾರಿಯಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಆ್ಯಪಲ್‌ನ ಹಿರಿಯ ಅಧಿಕಾರಿಗಳಾದ ಫಿಲ್ ಷಿಲ್ಲರ್, ಕ್ರೇಗ್ ಫೆಡರಿಗಿ ಕೆಲವೇ ಪತ್ರಕರ್ತರನ್ನು ಕರೆದು ಎಡವಿದ್ದನ್ನು ಒಪ್ಪಿಕೊಂಡರು. ಭಾಗಗಳನ್ನು ಬದಲಿಸಬಹುದಾದ ಹೊಸ ಮ್ಯಾಕ್ ಪ್ರೊ ಬರುತ್ತದೆ, ಆದರೆ ಆ ವರ್ಷವಲ್ಲ ಎಂದರು.

ಆಮೇಲಿನ ಎರಡು ವರ್ಷ ಊಹೆಗಾರರಿಗೆ ಸುಗ್ಗಿ. ಹಳೆಯ ಬೆಲೆಗಳನ್ನು ನೋಡಿದವರು ಮೂರು ಸಾವಿರ ಡಾಲರ್ ಆಸುಪಾಸೆಂದು ಲೆಕ್ಕ ಹಾಕಿದರೆ ಅದರಲ್ಲಿ ಅತಿಯಾಸೆಯೇನೂ ಇರಲಿಲ್ಲ. 2019ರ ಜೂನ್‌ನಲ್ಲಿ ತೆರೆ ಸರಿದಾಗ ಕಂಡದ್ದು 5,999. ಅದೂ ಕೇವಲ 256 ಜಿಬಿ ಸಂಗ್ರಹವಿರುವ ಮೂಲ ಮಾದರಿಗೆ. ಎಲ್ಲ ಸೌಲಭ್ಯ ಸೇರಿಸಿದರೆ 50 ಸಾವಿರ ಡಾಲರ್ ದಾಟುತ್ತಿತ್ತು. ನಾಲ್ಕು ಗಾಲಿಗಳಿಗೇ 400 ಡಾಲರ್. ಜೊತೆಗೆ ಬಂದ ಮಾನಿಟರಿನ ಸ್ಟ್ಯಾಂಡ್ ಬೇರೆ, ಅದಕ್ಕೆ 999 ಎಂದಾಗ ಆ್ಯಪಲ್ ಅಭಿಮಾನಿಗಳೇ ತುಂಬಿದ್ದ ಸಭಾಂಗಣದಲ್ಲೂ ಗುಜುಗುಜು ಎದ್ದಿತು. ಸ್ಟ್ಯಾಂಡಿನ ಬೆಲೆಯನ್ನು ಊಹಿಸಬೇಕೆಂದೇ ಯಾರಿಗೂ ಹೊಳೆದಿರಲಿಲ್ಲ!

ಮುಂದಿನ ಸುತ್ತಿನಲ್ಲಿ ಬೆಲೆಯೇ ಯಂತ್ರವನ್ನು ಬದಲಿಸಿತು. ಬ್ಲೂಮ್‌ಬರ್ಗ್‌ನ ಮಾರ್ಕ್ ಗುರ್ಮನ್ 2021ರಲ್ಲಿ ಮುಂದಿನ ಮ್ಯಾಕ್ ಪ್ರೊಗೆಂದು ತಯಾರಾಗುತ್ತಿದ್ದ 20 ಮತ್ತು 40 ಕೋರ್‌ಗಳ ಎರಡು ಚಿಪ್‌ಗಳ ಸುದ್ದಿ ಕೊಟ್ಟರು. ಎರಡು ಚಿಪ್ ಬೆಸೆದ 20 ಕೋರ್‌ನ ಎಂ1 ಅಲ್ಟ್ರಾ ಮರುವರ್ಷ ಮ್ಯಾಕ್ ಸ್ಟುಡಿಯೊ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಬಂದೇಬಂತು. ಇನ್ನೊಂದು ಬರಲೇ ಇಲ್ಲ. ಅದರ ಮುಂದಿನ ಪೀಳಿಗೆಯ ದುಪ್ಪಟ್ಟು ಚಿಪ್ಪನ್ನೂ ಕೈಬಿಡಲಾಗಿದೆ, ಬಂದಿದ್ದರೆ ಯಂತ್ರದ ಬೆಲೆ 10 ಸಾವಿರ ಡಾಲರಿಗೆ ಕಡಿಮೆ ಇರುತ್ತಿರಲಿಲ್ಲ ಎಂದು 2022ರ ಡಿಸೆಂಬರಿನಲ್ಲಿ ಅವರೇ ಬರೆದರು. 2023ರ ಮ್ಯಾಕ್ ಪ್ರೊ 6,999 ಡಾಲರಿಗೆ ಬಂತು. ಹಿಂದಿನದರಲ್ಲಿ 1.5 ಟೆರಾಬೈಟ್‌ವರೆಗೆ ಹಾಕಬಹುದಾಗಿದ್ದ ಮೆಮೊರಿ 192 ಜಿಬಿಗೆ ಇಳಿದಿತ್ತು. ಅದೇ ಚಿಪ್ಪಿನ ಮ್ಯಾಕ್ ಸ್ಟುಡಿಯೊ 3,999ಕ್ಕೆ ಸಿಗುತ್ತಿದ್ದಾಗ, ಗ್ರಾಫಿಕ್ಸ್ ಕಾರ್ಡನ್ನೂ ಒಪ್ಪದ ಖಾಲಿ ಸ್ಲಾಟುಗಳಿಗೆ 3,000 ಡಾಲರ್ ಹೆಚ್ಚು ಕೊಡುವವರು ಯಾರು? 2025ರ ನವೆಂಬರಿನಲ್ಲಿ ಗುರ್ಮನ್, ಆ್ಯಪಲ್ ಮ್ಯಾಕ್ ಪ್ರೊವನ್ನು ಬದಿಗೆ ಸರಿಸಿದೆ ಎಂದು ವರದಿ ಮಾಡಿದರು.

ಭಾರತದ ಗಿರಾಕಿಗೆ ಇದರ ಮೇಲೊಂದು ಲೆಕ್ಕ. ಅಮೆರಿಕದ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ, ನಮ್ಮದರಲ್ಲಿ ಶೇ 18ರ ಜಿಎಸ್‌ಟಿ ಸೇರಿರುತ್ತದೆ. 2019ರ 5,999 ಡಾಲರನ್ನು ಅಂದಿನ ವಿನಿಮಯ ದರದಲ್ಲಿ ರೂಪಾಯಿ ಮಾಡಿ ಜಿಎಸ್‌ಟಿ ಸೇರಿಸಿದರೆ ಐದು ಲಕ್ಷದ ಹತ್ತಿರ ಬರುತ್ತದೆ. ಇಲ್ಲಿ ಇಟ್ಟ ಬೆಲೆ 4,99,900. 2023ರ ಮಾದರಿಗೆ ಇದೇ ಸೂತ್ರ ಹಾಕಿದರೆ ಸುಮಾರು 6.8 ಲಕ್ಷ, ಇಟ್ಟದ್ದು 7,29,900. ಸೂತ್ರ ಒಮ್ಮೆ ಕೂಡಿಬಂತು, ಮತ್ತೊಮ್ಮೆ ಅರ್ಧ ಲಕ್ಷ ಜಾರಿತು.

ಕಂಪನಿಯೇ ಬಾಯಿಬಿಟ್ಟು ಹೇಳಿದ ಬೆಲೆಯೂ ಈಗ ನಿಲ್ಲುವುದಿಲ್ಲ. 2025ರ ಜನವರಿಯಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಎಐ ಕೆಲಸಗಾರರಿಗೆಂದು ಅಂಗೈಯಗಲದ ಡೆಸ್ಕ್‌ಟಾಪ್ ತೋರಿಸಿದಾಗ ಆರಂಭಿಕ ಬೆಲೆ 3,000 ಡಾಲರ್ ಎನ್ನಲಾಗಿತ್ತು. ಅಕ್ಟೋಬರಿನಲ್ಲಿ ಡಿಜಿಎಕ್ಸ್ ಸ್ಪಾರ್ಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬರುವಾಗ ಅದು 3,999 ಆಗಿತ್ತು.

ಅದೇ ವರ್ಷಾಂತ್ಯಕ್ಕೆ ಮೆಮೊರಿಯ ದರವೂ ಏರತೊಡಗಿತು. ಜಗತ್ತಿನ ಬಹುಪಾಲು ಡಿರ್‍ಯಾಮ್ (ಕಂಪ್ಯೂಟರಿನ ಮುಖ್ಯ ಮೆಮೊರಿ) ತಯಾರಿಸುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರುಗಳು ಬಯಸುವ ಎಚ್‌ಬಿಎಂ ಎಂಬ ವಿಶೇಷ ಮೆಮೊರಿಯಲ್ಲಿ ಲಾಭ ಹೆಚ್ಚು, ಅದು ನುಂಗುವ ಸಿಲಿಕಾನ್ ಕೂಡ ಹೆಚ್ಚು. ಅದಕ್ಕೆ ಜಾಗ ಬಿಟ್ಟಷ್ಟೂ ಮಾಮೂಲಿ ಮೆಮೊರಿಗೆ ಜಾಗ ಕಡಿಮೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್, ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. 256 ಅಥವಾ 512 ಜಿಬಿ ಮೆಮೊರಿ ತುಂಬಿಸಿಕೊಳ್ಳುವ ವರ್ಕ್‌ಸ್ಟೇಷನ್‌ಗೆ ಈ ಏರಿಕೆಯ ಬಿಸಿ ಮನೆಯ ಕಂಪ್ಯೂಟರಿಗಿಂತ ಎಷ್ಟೋ ಪಾಲು ಜಾಸ್ತಿ. ಹಾಗಾಗಿ ಮುಂದಿನ ಯಂತ್ರದ ಬೆಲೆ ಅಂದಾಜು ಮಾಡಬೇಕಾದವರಿಗೆ ಈಗ ಯಾವುದೋ ಪ್ರಯೋಗಾಲಯದಿಂದ ಸೋರಿಬಂದ ಚಿಪ್ಪಿನ ಚಿತ್ರಕ್ಕಿಂತ, ತೈವಾನಿನ ಟ್ರೆಂಡ್‌ಫೋರ್ಸ್ ಸಂಸ್ಥೆ ಬಹಿರಂಗವಾಗಿಯೇ ಪ್ರಕಟಿಸುವ ಡಿರ್‍ಯಾಮ್ ದರಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.