ಗೆಳತಿಗೆ ಮಾತ್ರ ಹೇಳಿದ ಮಾತು

ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪೆಗೆ ಹೋಗುವವರು ಮಲಪನಗುಡಿಯನ್ನು ದಾಟಿ ಹೋಗುತ್ತಾರೆ. ಅಲ್ಲಿ ವಿಜಯನಗರದ ಕಾಲದ, ಎಂಟು ಮೂಲೆಯ, ಮೆಟ್ಟಿಲಿಳಿದು ಸೇರಬೇಕಾದ ಬಾವಿಯೊಂದಿದೆ. ಮನೆಮನೆಗೆ ನಲ್ಲಿ ಬರುವ ಮೊದಲು ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಬಾವಿ ಕೆರೆಗಳು ನೀರಿನ ತಾಣಗಳಷ್ಟೇ ಆಗಿರಲಿಲ್ಲ. ಹಿರಿಯರ ಕಿವಿಗೆ ಬೀಳದಂತೆ ಗೆಳತಿಯೊಡನೆ ಸುಖದುಃಖ ಹಂಚಿಕೊಳ್ಳುವ ಎಡೆಗಳೂ ಆಗಿದ್ದುವು.

ಆ ನೀರೇ ಜೀವವನ್ನು ಬೇಡುತ್ತದೆಂಬ ಘೋರ ನಂಬಿಕೆಯೂ ಇತ್ತು. ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆ ಎರಡು ಮೂರು ಸಲ ಒಡೆಯಲು, 60 ಮಂದಿಯನ್ನು ಬಲಿಗೊಟ್ಟರೆಂದು 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಹೊಸಪೇಟೆಯ ಬಳಿಯ ಕೆರೆಯೇ ಅದೆಂದು ಇತಿಹಾಸಕಾರರು ಗುರುತಿಸಿದ್ದಾರೆ.

ಅರಸರ ಕೆರೆಯ ವೃತ್ತಾಂತವನ್ನು ಪ್ರವಾಸಿಗಳು ಬರೆದರು. ಹಳ್ಳಿಯ ಕೆರೆಯ ವೃತ್ತಾಂತವನ್ನು ಹೆಂಗಸರು ಹಾಡಿದರು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ಕನ್ನಡಿಗರಿಗೆ ಹೊಸದಲ್ಲ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಸೊಸೆಯೊಬ್ಬಳನ್ನು ಹಾರವಾಗಿ ಕೊಡಬೇಕೆಂದು ಹೊತ್ತಗೆ ಹೇಳಿತು. ಹಿರಿಯ ಸೊಸೆ ಹೋದರೆ ಮನೆಯ ಹಿರಿತನಕ್ಕೆ ಯಾರು? ಆದುದರಿಂದ ಕಿರಿಯವಳಾದ ಭಾಗೀರಥಿಯನ್ನು ಆರಿಸಿದರು. ಗಂಡ ಮಾದೇವರಾಯ ದೂರದ ದಂಡಿನಲ್ಲಿದ್ದನು.

ವಿಷಯವನ್ನರಿತ ಭಾಗೀರಥಿ ತವರಿಗೆ ಹೋದಳು. ಆದರೆ ಹೆತ್ತವರಿಗೆ ನಿಜವನ್ನು ಹೇಳಲಿಲ್ಲ. ಅತ್ತೆ ಮಾವ ತನ್ನನ್ನು ಬೇರೆ ಇಡುವರಂತೆ ಎಂದಷ್ಟೇ ಹೇಳಿದಳು. ತಂದೆ ಹೊಲ ಮನೆ ಕೊಡಿಸುವೆನೆಂದನು, ತಾಯಿ ಓಲೆ ಕೊಡಿಸುವೆನೆಂದಳು. ಅಲ್ಲಿಂದ ಗೆಳತಿಯ ಮನೆಗೆ ನಡೆದು, ಅವಳೊಬ್ಬಳ ಮುಂದೆ ಮಾತ್ರ ಇದ್ದುದನ್ನು ಇದ್ದಂತೆ ನುಡಿದಳು. ಕೊಟ್ಟ ಮನೆಯವರ ಇಚ್ಛೆಗೆ ತಲೆಬಾಗಬೇಕೆಂಬುದೇ ಗೆಳತಿಯ ಉತ್ತರ. ಅದನ್ನು ಕಠಿಣವೆಂದು ಹಳಿಯುವುದು ಸುಲಭ. ಬೇರೆ ಉತ್ತರವನ್ನು ಆ ಹುಡುಗಿಗೆ ಯಾರು ಕಲಿಸಿದ್ದರು?

ಕೆರೆ ತುಂಬಿತು. ಮಾದೇವರಾಯ ಮರಳಿ ಬಂದು ಮಡದಿಯನ್ನು ಹುಡುಕುತ್ತ ಮನೆಯಿಂದ ಮನೆಗೆ ಅಲೆದನು. ಕೊನೆಗೆ ನಿಜವನ್ನಾಡಿದವಳು ಆ ಗೆಳತಿಯೇ. ಅವನೂ ಅದೇ ಕೆರೆಗೆ ಹಾರವಾದನು. ಹಾಡು ಗೆಳತಿಗೆ ಹೆಸರನ್ನು ಕೊಟ್ಟಿಲ್ಲ, ಅವಳ ಅಳಲನ್ನು ವರ್ಣಿಸಿಲ್ಲ. ಆದರೂ ಅವಳಿಲ್ಲದಿದ್ದರೆ ಭಾಗೀರಥಿಯ ಸಾವು ಹಿರಿಯರ ಮೌನದಲ್ಲಿಯೇ ಮುಚ್ಚಿಹೋಗುತ್ತಿತ್ತು. ಜೀವವನ್ನು ಉಳಿಸಲಾರದವಳು ಸತ್ಯವನ್ನಾದರೂ ಉಳಿಸಿದಳು.

ಇಂದು ಯಾರೂ ಸೊಸೆಯನ್ನು ಕೆರೆಗೆ ಕೊಡುವುದಿಲ್ಲ, ನಿಜ. ಆದರೆ ಓದುವ ಹುಡುಗಿಯನ್ನು ಒಂದು ಮಾತೂ ಕೇಳದೆ ಹಸೆಮಣೆಗೇರಿಸುವ ಮನೆಗಳು ಇನ್ನೂ ಇವೆ. ಆ ಸಂಕಟ ಮೊದಲು ತಿಳಿಯುವುದು ತರಗತಿಯಲ್ಲಿ ಪಕ್ಕದಲ್ಲಿ ಕುಳಿತವಳಿಗೆ. 1929ರ ಶಾರದಾ ಕಾಯಿದೆ ಹೆಣ್ಣಿನ ವಿವಾಹಕ್ಕೆ 14 ವರ್ಷದ ಮಿತಿ ಹಾಕಿತು. 1978ರಲ್ಲಿ ಅದು 18 ಆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ, ಯಾರೇ ದೂರು ತಂದರೂ ನ್ಯಾಯಾಧೀಶರು ಅಂತಹ ಮದುವೆಯನ್ನು ತಡೆಯಬಹುದು. 1098 ಎಂಬ ಮಕ್ಕಳ ಸಹಾಯವಾಣಿಗೆ ಗೆಳತಿಯೊಬ್ಬಳು ಕರೆ ಮಾಡಿದರೂ ಸಾಕು. ಭಾಗೀರಥಿಯ ಗೆಳತಿಗೆ ಎಲ್ಲ ಮುಗಿದ ಮೇಲೆ ಮಾತ್ರ ಹೇಳಲು ಸಾಧ್ಯವಾದುದನ್ನು ಇಂದಿನ ಹುಡುಗಿ ಮೊದಲೇ ಹೇಳಬಹುದು.

ಮಗಳ ಸ್ನೇಹಿತೆ ಎಂದಾದರೂ ಬಾಗಿಲಲ್ಲಿ ನಿಂತು, ತಡವರಿಸುತ್ತ ಏನನ್ನೋ ಹೇಳಹೊರಟರೆ, ಹಿರಿಯರು ಅವಳನ್ನು ಒಳಗೆ ಕರೆದು ಕುಳ್ಳಿರಿಸಿ, ಪೂರ್ತಿ ಕೇಳುವುದು ಲೇಸು.