ನಿಮಗಿದು ಗೊತ್ತೆ? ಹರಿದ್ರಾ ತೀರ್ಥದ ಅಲೆ, ಹಳೆ ಟಿವಿಯ ಎಲೆಕ್ಟ್ರಾನ್

ಬಾದಾಮಿ ಬನಶಂಕರಿಯ ಹರಿದ್ರಾ ತೀರ್ಥದಲ್ಲಿ ಎದ್ದ ಅಲೆಗೆ ಎರಡು ಕಲ್ಲುಗಳ ನಡುವಿನ ಕಿರಿದಾದ ಸಂದಿ ಸಿಕ್ಕರೆ, ಆಚೆ ಬದಿಯಲ್ಲಿ ಅದು ಬೀಸಣಿಗೆಯಂತೆ ಹರಡುತ್ತದೆ. ಸಂದಿ ಕಿರಿದಾದಷ್ಟೂ ಹರಡುವಿಕೆ ಹೆಚ್ಚು. ಎಲೆಕ್ಟ್ರಾನ್ ಕಿರಣದ ಕಥೆಯೂ ಇದೇ!

1927ರಲ್ಲಿ ಭೌತವಿಜ್ಞಾನಿ ಹೈಸನ್‌ಬರ್ಗ್ ಹೇಳಿದ್ದು ಇಷ್ಟು: ಎಲೆಕ್ಟ್ರಾನಿನಂಥ ಕಣ ಎಲ್ಲಿದೆ ಎಂಬುದನ್ನು ಬಿಗಿಹಿಡಿದಷ್ಟೂ ಅದರ ವೇಗ, ದಿಕ್ಕು ಅನಿಶ್ಚಿತವಾಗುತ್ತವೆ. ಇದು ಉಪಕರಣದ ದೋಷವಲ್ಲ, ನಿಸರ್ಗದ ಗುಣ.

ಹಾಗಾದರೆ ಎಲೆಕ್ಟ್ರಾನ್ ಕಿರಣದಿಂದಲೇ ಚಿತ್ರ ಮೂಡಿಸುತ್ತಿದ್ದ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಚಿತ್ರ ಕಲಸಿಹೋಗಲಿಲ್ಲವೇಕೆ? ಲೆಕ್ಕ ಹಾಕೋಣ. 20 ಸಾವಿರ ವೋಲ್ಟ್‌ನಲ್ಲಿ ಓಡುವ ಎಲೆಕ್ಟ್ರಾನಿನ ತರಂಗದೂರ ಸುಮಾರು 0.0086 ನ್ಯಾನೊಮೀಟರ್. ಅದು ಅರ್ಧ ಮಿಲಿಮೀಟರ್ ರಂಧ್ರ ದಾಟಿ 30 ಸೆಂಟಿಮೀಟರ್ ದೂರದ ಪರದೆ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ. ಅನಿಶ್ಚಿತತೆಯಿಂದ ಆಗುವ ಹರಡುವಿಕೆ ಬರೀ 5 ನ್ಯಾನೊಮೀಟರಿನಷ್ಟು. ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಕಣ್ಣಿಗೆ ಕಾಣುವುದೆಲ್ಲಿಂದ ಬಂತು?

ಆದರೆ ಪರಮಾಣುಗಳ ಸಾಲುಗಳ ನಡುವಿನ ಜಾಗವೇ ಸಂದಿಯಾದರೆ ಆಟ ಬದಲಾಗುತ್ತದೆ. ಅದೇ 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಹರಳಿನ ಮೇಲೆ 54 ವೋಲ್ಟ್‌ನ ಕಿರಣ ಹಾಯಿಸಿದಾಗ, ಎಲೆಕ್ಟ್ರಾನ್‌ಗಳು ಅಲೆಗಳಂತೆ ನಿರ್ದಿಷ್ಟ ಕೋನದಲ್ಲಿ ಒಟ್ಟಾಗಿ ಚಿಮ್ಮಿದವು.

ಇನ್ನೂ ಬೆರಗಿನ ಸಂಗತಿ: 1989ರಲ್ಲಿ ಜಪಾನಿನ ಅಕಿರಾ ತೊನೊಮುರ ತಂಡ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಬಿಟ್ಟಿತು. ಪರದೆಯ ಮೇಲೆ ಮುಂದಿನ ಎಲೆಕ್ಟ್ರಾನಿನ ಚುಕ್ಕೆ ಎಲ್ಲಿ ಬೀಳುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಮೊದಮೊದಲು ಎರಚಿದ ರಾಗಿಕಾಳಿನಂತೆ ಚೆಲ್ಲಾಪಿಲ್ಲಿ. ಚುಕ್ಕೆಗಳು ಸಾವಿರಾರಾದಾಗ, ಇಳಕಲ್ ಸೀರೆಯ ಗೀಟುಗಳಂತೆ ಅಚ್ಚುಕಟ್ಟಾದ ಪಟ್ಟಿಗಳು ಮೂಡಿದ್ದವು.